ಬೇಸಪ್ಪನ ಪೆಟ್ಟಿಗೆ

ರಾಕ್ ಬ್ಯಾಂಡಿನಲ್ಲಿ ಹಾಡುವವನ ಹೆಸರು ಎಲ್ಲರಿಗೂ ಗೊತ್ತು. ಗಿಟಾರಿನವನ ಕೂದಲು ಗೊತ್ತು, ಡ್ರಮ್ಸ್ ಬಾರಿಸುವವನ ತೋಳು ಗೊತ್ತು. ಇವರೆಲ್ಲರ ಹಿಂದೆ ನಾಲ್ಕು ದಪ್ಪ ತಂತಿಯ ವಾದ್ಯ ನೇತುಹಾಕಿಕೊಂಡು, ಮನೆಸಾಲದ ಕಂತು ನೆನಪಾದವನ ಮುಖದಲ್ಲಿ ನಿಂತಿರುತ್ತಾನಲ್ಲ, ಅವನು ಬೇಸ್ ನುಡಿಸುವವನು. ಬೆಂಗಳೂರಿನಲ್ಲಿ ಬಡಾವಣೆಗೊಬ್ಬನಾದರೂ ಇದ್ದಾನೆ. ವಾರವಿಡೀ ವೈಟ್‌ಫೀಲ್ಡಿನಲ್ಲಿ ಕೋಡ್ ಬರೆದು, ಶನಿವಾರ ರಾತ್ರಿ ಪಬ್ಬಿನಲ್ಲಿ ನುಡಿಸುತ್ತಾನೆ. ಸದ್ಯಕ್ಕೆ ಅವನನ್ನು ಬೇಸಪ್ಪ ಎನ್ನೋಣ.

ಬೇಸಪ್ಪನ ವಾದನದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಮಾಡುವಷ್ಟು ಅದು ಕೇಳಿಸುವುದೂ ಇಲ್ಲ. ಮಾತಿರುವುದು ಅವನ ಆಂಪ್ಲಿಫೈಯರ್ ಕುರಿತು. ಅದರ ದನಿ ಹೇಗಿದೆ ಎಂದು ಕೇಳಿದರೆ "ಚೆನ್ನಾಗಿದೆ ಸಾರ್" ಎಂದು ಒಂದೇ ಮಾತಿಗೆ ಮುಗಿಸುತ್ತಾನೆ. ರೂಪ ಹೇಗಿದೆ ಎಂದು ಕೇಳಿ ನೋಡಿ, ನಿಮ್ಮ ಕಾಫಿ ಆರಿಹೋಗುತ್ತದೆ.

ಬೇಸಪ್ಪನ ಮನೆದೇವರು ಅಮೆರಿಕದ ಆಂಪೆಗ್ ಕಂಪನಿಯ ಎಸ್‌ವಿಟಿ. 1969ರಲ್ಲಿ ಬಂದದ್ದು, ವಾಲ್ವಿನದು, 300 ವಾಟಿನದು. ರೋಲಿಂಗ್ ಸ್ಟೋನ್ಸ್ ಅದೇ ವರ್ಷದ ತಮ್ಮ ಅಮೆರಿಕ ಪ್ರವಾಸದಲ್ಲಿ ಬಳಸಿದ್ದರಿಂದ ಅದರ ಕೀರ್ತಿ ಹಬ್ಬಿತು. ಅದರಡಿಯ ಪೆಟ್ಟಿಗೆಯಲ್ಲಿ ಹತ್ತಿಂಚಿನ ಎಂಟು ಸ್ಪೀಕರುಗಳು. ನಾಲ್ಕಡಿ ಎತ್ತರ, ಅರವತ್ತು ಕಿಲೋಗೂ ಮೇಲೆ ತೂಕ. ನುಡಿಸುವವರೇ ಅದಕ್ಕೆ ಇಟ್ಟ ಅಡ್ಡಹೆಸರು ಫ್ರಿಜ್. ಈ ಹೆಸರಿನಿಂದ ಬೇಸಪ್ಪನ ಮನೆಯಲ್ಲಿ ಒಂದು ಸಣ್ಣ ಗೊಂದಲವೂ ಆಯಿತು. ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಸಿಕ್ಕಿದ ಸಂಭ್ರಮವನ್ನು ಫೋನಿನಲ್ಲಿ ಗೆಳೆಯನಿಗೆ ಹೇಳುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಬಂದರು.

"ಹೊಸಾ ಫ್ರಿಜ್ ತಗೊಂಡ್ಯೇನೋ? ಎಷ್ಟು ಲೀಟರ್‌ದು?"

"ಎಂಟು ಹತ್ತು ಅಮ್ಮ."

"ಎಂಬತ್ತೇನಾ? ಹಾಲು ಮೊಸರಿಗೇ ಸಾಲಲ್ವಲ್ಲೋ!"

ಪೆಟ್ಟಿಗೆ ಮನೆಗೆ ಬಂತು. ಮೂಲೆಯಲ್ಲಿ ಕಪ್ಪು ಹೊದಿಕೆ ಅಂಗೈಯಗಲ ಹರಿದಿತ್ತು. ದನಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ಬೇಸಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಈ ಹೊದಿಕೆಗೆ ಅಮೆರಿಕದಲ್ಲಿ ಟೋಲೆಕ್ಸ್ ಎನ್ನುತ್ತಾರೆ. ನಮ್ಮ ರೆಕ್ಸಿನ್ನಿನ ದೊಡ್ಡಪ್ಪನ ಮಗ ಎಂದುಕೊಳ್ಳಿ. ಬೇಸಪ್ಪ ಅದರ ತುಂಡೊಂದನ್ನು ಪರ್ಸಿನಲ್ಲಿಟ್ಟುಕೊಂಡು ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಗಳ ಮೆಟ್ಟಿಲು ಹತ್ತಿದ. ಅಂಗಡಿಯವರು ಕೇಳುವುದು ಒಂದೇ: "ಯಾವ ಗಾಡಿ ಸಾರ್?" ಗಾಡಿಯಲ್ಲ, ಆಂಪ್ ಎಂದರೆ "ಅದು ಎಷ್ಟನೇ ಮಾಡೆಲ್ ಸಾರ್?" ಕೊನೆಗೆ ಒಬ್ಬರು ಹಾಸಿದ ಕಪ್ಪು ರೆಕ್ಸಿನ್ ಸುರುಳಿಗಳನ್ನೆಲ್ಲ ಇವನು ಬಾಗಿಲ ಬಿಸಿಲಿಗೆ ಹಿಡಿದು, ಉಗುರಿನಲ್ಲಿ ಕೆರೆದು ಗೀರು ನೋಡಿ, "ಈ ಕಪ್ಪಲ್ಲ" ಎಂದು ಎದ್ದುಬಂದ. ಮಗಳ ಮದುವೆ ಸೀರೆ ಆರಿಸುವ ತಾಯಂದಿರೂ ಅಂಗಡಿಯವನನ್ನು ಇಷ್ಟು ಗೋಳಾಡಿಸುವುದಿಲ್ಲ.

ಆಯುಧಪೂಜೆಯ ದಿನದ ಪ್ರಸಂಗ ಇನ್ನೂ ಸೊಗಸು. ಅಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆಲ್ಲ ಅರಿಸಿನ ಕುಂಕುಮ ಇಟ್ಟು ಪೆಟ್ಟಿಗೆಯ ಮುಂದೆ ಬಂದರು. ಬೇಸಪ್ಪ ಅಡ್ಡ ನಿಂತ. "ಗ್ರಿಲ್ ಬಟ್ಟೆ ಮೇಲೆ ಬೇಡಮ್ಮ, ಕಲೆ ಹೋಗಲ್ಲ." "ದೇವರ ಕುಂಕುಮ ಕಣೋ ಅದು." "ಹಿಡಿಗೆ ಇಡು." ಸಂಧಾನವಾಗಿ ಕುಂಕುಮ ಹಿಂಬದಿಯ ಹಿಡಿಗೆ ಬಿತ್ತು. ಹಾರ ಹಾಕಿದರು, ಸೇವಂತಿಗೆಯ ನೀರು ಬಟ್ಟೆಗೆ ಇಳಿದೀತೆಂದು ಅಮ್ಮ ಅತ್ತ ತಿರುಗುತ್ತಿದ್ದಂತೆ ಇವನು ತೆಗೆದು ಮಿಕ್ಸಿಗೆ ಹಾಕಿದ.

ಹಗುರವಾದ ಆಂಪುಗಳು ಇಲ್ಲವೆಂದಲ್ಲ. ಈಗ ಬರುವ ಕ್ಲಾಸ್ ಡಿ ಬಗೆಯವು ಎರಡು ಮೂರು ಕಿಲೋದಲ್ಲೇ 500 ವಾಟ್ ಕೊಡುತ್ತವೆ. ಬ್ಯಾಂಡಿನ ಗಿಟಾರಿಸ್ಟ್ ಒಂದನ್ನು ತೋರಿಸಿದ. ಬೇಸಪ್ಪ ಅದನ್ನು ಅಂಗೈ ಮೇಲೆ ತೂಗಿ ನೋಡಿ, "ಇದರಲ್ಲಿ ಚಿತ್ರಾನ್ನ ತಗೊಂಡು ಹೋಗ್ಬಹುದು" ಎಂದು ಹಿಂದಿರುಗಿಸಿದ. ಗಿಟಾರಿಸ್ಟುಗಳ ಮೇಲೆ ಅವನಿಗೆ ಹಳೆಯ ಸಿಟ್ಟೂ ಇದೆ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದು, ಮರುವರ್ಷ ಅದಕ್ಕೆಂದೇ ಬೇಸ್‌ಮನ್ ಆಂಪ್ ಮಾಡಿತು. ಮುಂದೆ ಅದರ ಇನ್ನಷ್ಟು ಚೆಂದದ ಮಾದರಿ ಬಂದದ್ದೇ ತಡ, ಗಿಟಾರಿನವರು ಅದನ್ನು ತಮ್ಮದಾಗಿಸಿಕೊಂಡರು. ಲಂಡನ್ನಿನ ಜಿಮ್ ಮಾರ್ಷಲ್ ತಮ್ಮ ಮೊದಲ ಆಂಪ್ ಮಾಡಿದ್ದೂ ಅದರ ಸರ್ಕ್ಯೂಟ್ ನೋಡಿಕೊಂಡೇ. "ನಮ್ಮದು ಅಂತ ಒಂದಿತ್ತು, ಅದೂ ಹೋಯ್ತು" ಎನ್ನುವಾಗ ಬೇಸಪ್ಪನ ಗಂಟಲು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿ, ವೇದಿಕೆಗೆ ಹೋದರೆ ಆಗುವುದೇನು? ಸೌಂಡಿನವನು ಒಂದು ಪುಟ್ಟ ಡಿಐ ಡಬ್ಬಿ ತಂದು ಬೇಸಿನ ದನಿಯನ್ನು ಅದರ ಮೂಲಕ ನೇರ ಮಿಕ್ಸರಿಗೆ ಕಳಿಸುತ್ತಾನೆ. ದೊಡ್ಡ ಸಭೆಯಲ್ಲಿ ಜನ ಕೇಳುವುದು ಸಭಾಂಗಣದ ಸ್ಪೀಕರಿನ ದನಿಯನ್ನೇ. ಆ ನಾಲ್ಕಡಿ ಫ್ರಿಜ್ಜು ಮೊಳಗುವುದು ಬಹುಮಟ್ಟಿಗೆ ಬೇಸಪ್ಪನ ಬೆನ್ನಿಗೆ. ವಿದೇಶದ ದೊಡ್ಡ ದೊಡ್ಡ ತಂಡಗಳು ಗೋಡೆಯ ಹಾಗೆ ಪೇರಿಸಿಡುವ ಕ್ಯಾಬಿನೆಟ್ಟುಗಳಲ್ಲಿ ಎಷ್ಟೋ ಬರೀ ಖಾಲಿ ಡಬ್ಬ. ಕೆನಡಾದ ರಷ್ ತಂಡದಲ್ಲಿ ಬೇಸ್ ನುಡಿಸುವ ಗೆಡ್ಡಿ ಲೀ ಈ ಸತ್ಯವನ್ನು ಮುಚ್ಚಿಡಲೇ ಇಲ್ಲ. ಬೇಸನ್ನು ನೇರ ಮಿಕ್ಸರಿಗೇ ಕಳಿಸಿದ ಮೇಲೆ ಆಂಪುಗಳ ಜಾಗ ಖಾಲಿ ಕಾಣುತ್ತದೆಂದು 2002ರ ಪ್ರವಾಸದಲ್ಲಿ ಅಲ್ಲಿ ಬಟ್ಟೆ ಒಣಗಿಸುವ ಯಂತ್ರಗಳನ್ನು ನಿಲ್ಲಿಸಿದರು. 2007ರ ಪ್ರವಾಸದಲ್ಲಿ ಕೋಳಿ ಸುಡುವ ಒಲೆಗಳನ್ನು. ಬೇಸಪ್ಪನಿಗೆ ಇದನ್ನು ಹೇಳಿ ಛೇಡಿಸಿದರೆ ಅವನು ನಗಲಿಲ್ಲ. "ಸಾಲಾಗಿ ಎಷ್ಟು ನೀಟಾಗಿ ಇಟ್ಟಿದ್ದರು, ನೋಡಿದ್ರಾ?" ಎಂದ.

ಇನ್ನೊಂದು ವಿಷಯ ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ: ಕಾರ್ಯಕ್ರಮ ನಡೆಯುವಷ್ಟು ಹೊತ್ತೂ ಆ ಚೆಂದವನ್ನು ನೋಡಲಾಗದವನು ಅವನೊಬ್ಬನೇ. ಆದರೂ ಅವನದು ತಪ್ಪೆನ್ನಲಾರೆ. ದನಿ ಕೇಳಿಸದೆ, ಮುಖಕ್ಕೆ ಲೈಟೂ ಬೀಳದೆ ನಿಲ್ಲುವವನಿಗೆ ಹಿಂದಿನ ಪೆಟ್ಟಿಗೆಯಾದರೂ ಲಕ್ಷಣವಾಗಿರಬೇಡವೇ?

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಪಬ್ಬಿನಲ್ಲೋ ಕಾಲೇಜು ಫೆಸ್ಟಿನಲ್ಲೋ ಬ್ಯಾಂಡ್ ಕೇಳಲು ಹೋದರೆ, ಮುಗಿದ ಮೇಲೆ ಬೇಸ್ ನುಡಿಸುವವನ ಹತ್ತಿರ ಹೋಗಿ "ಆಂಪ್ ಬಹಳ ಚೆನ್ನಾಗಿದೆ" ಎನ್ನಿ. ಹೇಳಿದ ತಕ್ಷಣ ಹೊರಟುಬಿಡಿ. ಆ ಹೊತ್ತಿಗೆ ಹಾಡುಗಾರ, ಗಿಟಾರಿಸ್ಟು ಇಬ್ಬರೂ ಮಾಯವಾಗಿರುತ್ತಾರೆ. ಪೆಟ್ಟಿಗೆ ಮೂರನೇ ಮಹಡಿಯಿಂದ ಇಳಿಯಬೇಕು, ಲಿಫ್ಟ್ ಇರುವುದಿಲ್ಲ.