ಸುಮ್ನೆ ವಿಚಾರಣೆಗೆ ಕರೆಸಿದ್ದೀವಿ

ಸಂವಿಧಾನ ಬರೆದವರಲ್ಲಿ ಅನೇಕರು ಬ್ರಿಟಿಷರ ಜೈಲು ಕಂಡವರು. ಆದರೂ ಪೊಲೀಸ್ ಠಾಣೆಯ ಗಡಿಯಾರ ಅವರಿಗೆ ಅರ್ಥವಾಗಲಿಲ್ಲ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು 22ನೇ ವಿಧಿಯಲ್ಲಿ ಬರೆದರು, ದಾರಿ ಸವೆಸುವ ಹೊತ್ತನ್ನು ಉದಾರವಾಗಿ ಬಿಟ್ಟೂ ಕೊಟ್ಟರು. ಆ 24 ಗಂಟೆ ಶುರುವಾಗುವುದು ಯಾವಾಗ ಎಂಬುದು ಮಾತ್ರ ಸ್ಟೇಷನ್ ರೈಟರ್ ಪೆನ್ನಿಗೆ ಬಿಟ್ಟ ವಿಷಯವಾಯಿತು.

ಸೋಮವಾರ ಸಂಜೆ ಹುಡುಗನೊಬ್ಬನನ್ನು ಜೀಪಿಗೆ ಹತ್ತಿಸಿದರು ಎನ್ನಿ. ಹಿಂದೆಯೇ ಓಡಿಬಂದ ತಾಯಿಗೆ ಸೆಂಟ್ರಿ ಸಮಾಧಾನ ಹೇಳುತ್ತಾನೆ: "ಏನಿಲ್ಲಮ್ಮಾ, ಸುಮ್ನೆ ವಿಚಾರಣೆಗೆ ಕರೆಸಿದ್ದೀವಿ. ಬೆಳಿಗ್ಗೆ ಬನ್ನಿ." ಮಂಗಳವಾರ ಸಾಹೇಬರು ರೌಂಡ್ಸಿನಲ್ಲಿ. ಬುಧವಾರ ಬಂದೋಬಸ್ತಿನಲ್ಲಿ. ಗುರುವಾರ ಬಂದ ವಕೀಲರಿಗೆ, "ಅಂಥವರು ಯಾರೂ ಇಲ್ಲಿಲ್ಲವಲ್ಲ ಸಾರ್, ಇನ್ನೂ ಅರೆಸ್ಟೇ ತೋರಿಸಿಲ್ಲ." ಶುಕ್ರವಾರ ಬೆಳಿಗ್ಗೆ ಅದೇ ಹುಡುಗ ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ನಿಂತಿರುತ್ತಾನೆ. ಪೊಲೀಸರನ್ನು ಕಂಡು ಓಡಲು ಯತ್ನಿಸುತ್ತಾನೆ, ಬೆನ್ನಟ್ಟಿ ಹಿಡಿಯುತ್ತಾರೆ. ಸಂಜೆಗೆ ಕೋರ್ಟು. ಸಂವಿಧಾನ ಕೊಟ್ಟ ಗಂಟೆಗಳಲ್ಲಿ ಇನ್ನೂ ಅರ್ಧ ಮಿಕ್ಕಿರುತ್ತದೆ!

ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಬಂಧನದ ವೇಳೆ ಪಾಲಿಸಬೇಕಾದ 11 ಸೂಚನೆ ಕೊಟ್ಟು, ಇವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಿ ಎಂದಿತು. ಹಾಕುವ ಕೆಲಸವನ್ನು ಇಲಾಖೆ ಶ್ರದ್ಧೆಯಿಂದ ಮಾಡಿದೆ. ಆ ತಾಯಿ ನಾಲ್ಕು ದಿನದಿಂದ ಕೂತಿರುವುದು ಆ ಬೋರ್ಡಿನ ಕೆಳಗಿನ ಬೆಂಚಿನ ಮೇಲೆಯೇ. ಬಂಧನದ ಮೆಮೊಗೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕಂತೆ. ಗೌರವಸ್ಥರಿಗೇನು ಬರವೇ? ಠಾಣೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು ಸದಾ ಸಿಗುತ್ತಾರೆ, ಮಹಜರಿಗೂ ಅವರೇ ಪಂಚರು. ಇನ್ನು ವೈದ್ಯಕೀಯ ತಪಾಸಣೆ. "ಎಲ್ಲಾದರೂ ಏಟು ಬಿದ್ದಿದೆಯಾ?" ಎಂದು ಡಾಕ್ಟರು ಕೇಳಿದಾಗ ಹುಡುಗ ಮೊದಲು ಪಕ್ಕದಲ್ಲಿ ನಿಂತ ಪೇದೆಯ ಮುಖ ನೋಡುತ್ತಾನೆ. ಎಲ್ಲ ಗಾಯವೂ ಅಲ್ಲೇ ವಾಸಿ.

ಪೊಲೀಸರನ್ನಷ್ಟೇ ದೂರುವುದು ಅನ್ಯಾಯ. "ನಾಲ್ಕು ಬಿಟ್ಟು ಕೇಳಿ ಸಾರ್, ತಾನಾಗೇ ಬಾಯಿ ಬಿಡ್ತಾನೆ" ಎಂದು ಸಲಹೆ ಕೊಡುವ ಮರ್ಯಾದಸ್ಥರು ನಾವೇ (ಆ "ತಾನು" ನಮ್ಮ ಮನೆಯ ಹುಡುಗನಾಗುವವರೆಗೆ). 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂವಿನ ಮಳೆ ಸುರಿಸಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದು ಸುಪ್ರೀಂ ಕೋರ್ಟು ನೇಮಿಸಿದ್ದ ಆಯೋಗದ ವರದಿ 2022ರಲ್ಲಿ ಹೇಳಿತು. ಅಷ್ಟರಲ್ಲಿ ಹೂವು ಬಾಡಿತ್ತು, ವರದಿ ಓದಲು ಯಾರಿಗೂ ಪುರುಸೊತ್ತಿರಲಿಲ್ಲ.

ಮನುಷ್ಯರನ್ನು ನಂಬಿ ಸಾಕಾದ ಕೋರ್ಟು ಯಂತ್ರವನ್ನು ನಂಬಿತು. ಲಾಕಪ್ಪು, ವರಾಂಡ, ಇನ್‌ಸ್ಪೆಕ್ಟರ ಕೊಠಡಿ, ಎಲ್ಲೆಡೆ ಧ್ವನಿಯನ್ನೂ ಹಿಡಿಯುವ ಸಿಸಿಟಿವಿ ಇರಲಿ, ದೃಶ್ಯ 18 ತಿಂಗಳು ಉಳಿಯಲಿ ಎಂದು 2020ರ ಡಿಸೆಂಬರಿನಲ್ಲಿ ಆದೇಶಿಸಿತು. ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿದೆ ಎಂಬ ಪತ್ರಿಕಾ ವರದಿಯ ಮೇಲೆ 2025ರಲ್ಲಿ ತಾನೇ ಮತ್ತೆ ವಿಚಾರಣೆಗೆ ಇಳಿಯಬೇಕಾಯಿತು. ಪಾಠ ಆದೇಶಕ್ಕೂ ಮೊದಲೇ ಸಿಕ್ಕಿತ್ತು. 2020ರ ಜೂನಿನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ತಂದೆಯನ್ನು ಪೊಲೀಸರು ಠಾಣೆಗೆ ಒಯ್ದರು, ಹಿಂದೆಯೇ ಹೋದ ಮಗನನ್ನೂ ಅಲ್ಲೇ ಹಿಡಿದಿಟ್ಟರು. ಇಬ್ಬರೂ ಸತ್ತರು. ಠಾಣೆಯಲ್ಲಿ ಕ್ಯಾಮೆರಾ ಇತ್ತು, ಒಂದು ಟೆರಾಬೈಟ್ ಜಾಗವೂ ಇತ್ತು. ದೃಶ್ಯಗಳು ಮಾತ್ರ ದಿನದಿನವೂ ತಾವಾಗಿ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಲಾಗಿತ್ತು ಎಂದು ತನಿಖೆಗೆ ಹೋದ ಮ್ಯಾಜಿಸ್ಟ್ರೇಟರು ಬರೆದರು.

ಅಳಿಸಲಾಗದ ಒಂದು ಸಾಕ್ಷಿ ಮಾತ್ರ ಉಳಿದಿತ್ತು. ಪರೇಡ್ ಮೈದಾನದಲ್ಲಿ ಬಿಳಿ ಕೈಗವಸು ತೊಟ್ಟು, ಬ್ಯಾಂಡಿನ ನಡುವೆ ಹೇಳಿದ ಪ್ರಮಾಣವಚನವನ್ನು ಮರೆಯದಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರು. ಆ ರಾತ್ರಿ ಕಂಡದ್ದನ್ನು ಆ ಹೆಣ್ಣುಮಗಳು ಹೆದರುತ್ತಲೇ ಹೇಳಿದರು. ಹೇಳಿದ ಮೇಲೆ ಅವರಿಗೆ ರಕ್ಷಣೆ ಕೊಡಿ ಎಂದು ಹೈಕೋರ್ಟು ಆದೇಶಿಸಬೇಕಾಯಿತು. ಕಾವಲಿಗೆ ಬಂದವರು ಪೊಲೀಸರು.