ಬಿಚ್ಚಪ್ಪನವರ ಎಂಜಿನ್ನು

ಶಿರಾ ದಾಟಿ ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಅಂತ ಹೆದ್ದಾರಿ ಹಿಡಿದು ಹೋದರೆ ಊರಿಗೊಬ್ಬರು ಬಿಚ್ಚಪ್ಪ ಸಿಗುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ ಇರಬಹುದು, ಊರು ಕರೆಯುವುದು ಮಾತ್ರ ಹೀಗೆ. ಸ್ವಂತದ್ದು ಅಂತ ಒಂದೇ ಲಾರಿ, ಅದರ ಮೇಲೆ ಫೈನಾನ್ಸು. ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಸಂದಿ ಅಳೆಯುವ ಫೀಲರ್ ಗೇಜು. ಗ್ಯಾರೇಜಿನವರೆಲ್ಲ ಕಳ್ಳರು ಎಂಬುದು ಇವರ ಮೊದಲನೇ ಸಿದ್ಧಾಂತ. ಎಂಜಿನ್ ಕೆಲಸ ಅಂದರೆ ಏನು ಮಹಾ, ಬಿಚ್ಚಿದ ಹಾಗೇ ಜೋಡಿಸಿದರಾಯಿತು ಎಂಬುದು ಎರಡನೆಯದು. ಎರಡನೆಯದರಲ್ಲಿ ಅರ್ಧ ನಿಜವಿದೆ. ಬಿಚ್ಚುವ ಅರ್ಧ.

ನಾನು ಹೇಳುವುದು ನಮ್ಮ ಬೀದಿಯ ಬಿಚ್ಚಪ್ಪನವರ ವಿಷಯ. ನಿಮ್ಮ ಬೀದಿಯವರಿಗೂ ಹೊಂದಿದರೆ ನಾನು ಹೊಣೆಯಲ್ಲ.

ಲಾರಿಗೆ ಕಾಯಿಲೆ ಶುರುವಾಗಿದೆ ಅಂತ ಊರಿಗೆ ಗೊತ್ತಾಗುವುದು ಅವರು ಟೀ ಕುಡಿಯುವ ಹೋಟೆಲು ಬದಲಾದಾಗ. ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿಲ್ಲ, ಕಿಡಿಯಿಲ್ಲ. ಗಾಳಿಯನ್ನು ಹೆಚ್ಚುಕಮ್ಮಿ ಹದಿನೇಳರಲ್ಲಿ ಒಂದು ಪಾಲಿಗೆ ಅಮುಕಿದರೆ ಅದು ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರಿಂಗು, ಲೈನರು ಸವೆದರೆ ಅಮುಕಿದ ಗಾಳಿ ಸಂದಿಯಲ್ಲಿ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಲಾರಿಯವರು ಇದಕ್ಕೆ ‘ಬ್ಯಾಕ್ ಕಂಪ್ರೆಷನ್’ ಅನ್ನುತ್ತಾರೆ. ಆಗ ಚಳಿಗಾಲದ ಬೆಳಗ್ಗೆ ಸೆಲ್ಫ್ ಎಷ್ಟು ಹೊಡೆದರೂ ಗುರ್ ಅನ್ನುತ್ತದೆಯೇ ಹೊರತು ಸ್ಟಾರ್ಟ್ ಆಗದು. ಇಳಿಜಾರಿನಲ್ಲಿ ಉರುಳಬಿಟ್ಟು ಗೇರಿಗೆ ಹಾಕಬೇಕು. ಹಾಗಾಗಿ ಬಿಚ್ಚಪ್ಪನವರು ಇಳಿಜಾರಿನ ತಲೆಯಲ್ಲಿರುವ ಹೋಟೆಲಿನಲ್ಲಿ ಮಾತ್ರ ಟೀ ಕುಡಿಯಲು ಶುರುಮಾಡುತ್ತಾರೆ. ಟೀ ಹೇಗಾದರೂ ಇರಲಿ. ಹೊಸ ಮನೆ ಸಮತಟ್ಟು ಜಾಗದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಾದಿನಿಯ ಗೃಹಪ್ರವೇಶಕ್ಕೇ ಹೋಗಲಿಲ್ಲ.

ಬ್ರೀದರ್ ಪೈಪಿನಲ್ಲಿ ಹೊಗೆ ಕಂಡ ದಿನ ತೀರ್ಪು ಹೊರಬೀಳುತ್ತದೆ: “ಬೋರಿಗೆ ಬಂದೈತೆ. ಇಳಿಸೋದೇ.” ಆ ದಿನ ಅವರ ಮುಖ ನೋಡಬೇಕು. ದುಃಖದ ಸುದ್ದಿ ಹೇಳುವವರ ಮುಖ ಅಷ್ಟು ಅರಳಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆ ಮುಂದಿನ ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ, ನಾನೂರು ಕೆ.ಜಿ. ಮೀರಿದ ಕಬ್ಬಿಣವನ್ನು ಎತ್ತುವಾಗ ಬೀದಿಯ ಮಕ್ಕಳೆಲ್ಲ ಸ್ಕೂಲಿಗೆ ಚಕ್ಕರ್. ಕೊಂಬೆ ಕಿರ್ ಅಂದಾಗಲೆಲ್ಲ ಒಳಗಿಂದ ಹೆಂಡತಿ “ರೀ...” ಅನ್ನುತ್ತಾರೆ. “ಏನಾಗಲ್ಲ ಕಣೇ, ನಮ್ಮಪ್ಪ ನೆಟ್ಟ ಮರ” ಅಂತ ಇವರು. ಎಂಜಿನ್ನಿನ ತೂಕಕ್ಕೂ ಅವರಪ್ಪನಿಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ.

ಎಂಜಿನ್ನಿನ ವಂಶಾವಳಿ ಮಾತ್ರ ಕೇಳದೆಯೇ ಹೇಳುತ್ತಾರೆ. ಟಾಟಾದವರು ಡೈಮ್ಲರ್-ಬೆಂಜ್ ಜತೆ ಸೇರಿ ಜೆಮ್ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿಯಿತು, ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರವೂ ಹೋಯಿತು. ಬಿಚ್ಚಪ್ಪನವರ ಪಾಲಿಗೆ ಆ ಸಂಬಂಧ ಇವತ್ತಿಗೂ ಕಡಿದಿಲ್ಲ. “ಇದರ ಮೈಯಾಗೆ ಹರಿಯೋದು ಬೆಂಜ್ ರಕ್ತ ಕಣ್ರೀ. 697 ಅಂದ್ರೆ ಆರು ಸಿಲಿಂಡರು, ಬೋರು 97 ಮಿಲಿಮೀಟರು, ಸ್ಟ್ರೋಕು 128. ಒಟ್ಟು 5,675 ಸಿ.ಸಿ.” ಮಗಳನ್ನು ನೋಡಲು ಬಂದವರಿಗೂ ಉಪ್ಪಿಟ್ಟಿನ ಜತೆ ಇದನ್ನೇ ಬಡಿಸಿದ್ದರು. ಹುಡುಗನ ತಂದೆ ಸೌಜನ್ಯಕ್ಕೆ “ನಮ್ಮದು ಲೇಲ್ಯಾಂಡು” ಅಂದದ್ದೇ ತಪ್ಪಾಯಿತು. ಜಾತಕ ಕೂಡಿದ್ದ ಸಂಬಂಧ ಅಲ್ಲಿಗೇ ನಿಂತಿತು.

ಎಂಜಿನ್ನು ಇಳಿದ ಮೇಲೆ ಮನೆಯಲ್ಲಿ ಜನಕ್ಕೆ ಜಾಗವಿರುವುದಿಲ್ಲ. ಹೆಡ್ಡು ದಿವಾನದ ಮೇಲೆ. ಹನ್ನೆರಡು ಪುಶ್‌ರಾಡುಗಳು ಮದುವೆ ಕಾರ್ಡಿನ ಡಬ್ಬಕ್ಕೆ ಕೊರೆದ, ನಂಬರ್ ಬರೆದ ತೂತುಗಳಲ್ಲಿ ನಿಂತಿವೆ. ನಟ್ಟು ಬೋಲ್ಟು ಹಾರ್ಲಿಕ್ಸ್ ಬಾಟಲಿಯಲ್ಲಿ, ಹಾರ್ಲಿಕ್ಸು ಎಲ್ಲಿ ಹೋಯಿತೋ ಮೊಮ್ಮಗನಿಗೂ ತಿಳಿಯದು. ಕ್ರ್ಯಾಂಕ್ ಶಾಫ್ಟನ್ನು ಮಲಗಿಸಿಟ್ಟರೆ ಬಾಗುತ್ತದೆ, ನೆಟ್ಟಗೆ ನಿಲ್ಲಿಸಬೇಕು ಎಂಬುದು ಮೆಕ್ಯಾನಿಕ್ಕುಗಳ ಹಳೇ ಕಟ್ಟಳೆ. ಮಕ್ಕಳ ಕಾಲು ತಾಗದ ಮೂಲೆ ಅಂತ ಉಳಿದಿದ್ದು ದೇವರ ಕೋಣೆ ಒಂದೇ. ಹಾಗಾಗಿ ಅದು ಅಲ್ಲಿ ನಿಂತಿತು. ಮೊದಲ ವಾರ ಯಜಮಾನಿತಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ಶುಕ್ರವಾರ, ಎದುರಿಗೆ ನಿಂತಿದೆಯಲ್ಲ ಅಂತ ಅದಕ್ಕೂ ಒಂದು ಕುಂಕುಮ ಇಟ್ಟರು. ಮಾರನೇ ವಾರ ಎರಡು ಹೂವು ಬಂತು. ಈಗ ಗ್ರೈಂಡಿಂಗಿಗೆ ಕಳಿಸೋಣ ಅಂದರೆ “ಮಂಗಳವಾರ ಬೇಡ ರೀ” ಅಂತ ಅವರೇ ತಡೆಯುತ್ತಾರೆ.

ಅಂಗಳದ ಕಲ್ಲುಬೆಂಚಿಗೆ ಆಗಲೇ ಸಲಹಾ ಸಮಿತಿ ಬಂದು ಕೂತಿರುತ್ತದೆ. ಬಸ್ ಡಿಪೋದಿಂದ ರಿಟೈರಾದ ಒಬ್ಬ ಹಿರಿಯರು, ಟ್ರ್ಯಾಕ್ಟರ್ ಇಟ್ಟ ಇಬ್ಬರು, ಏನೂ ಇಲ್ಲದ ನಾಲ್ವರು. ಜೋರು ಬಾಯಿ ಕೊನೆಯವರದೇ. “ಬೇರಿಂಗು ಇನ್ನೂ ನಡೀತದೆ” ಅಂತ ಒಬ್ಬರು, “ನಡೀತದೆ ಅಂದೋರ ಗಾಡಿ ಎಲ್ಲೈತೆ ಈಗ?” ಅಂತ ಇನ್ನೊಬ್ಬರು. ಟೀ ಸರಬರಾಜು ಮನೆಯಿಂದ. ಗ್ಯಾರೇಜಿನವನಿಗೆ ಕೊಡುವ ಕೂಲಿ ಉಳಿಯಿತು ಅಂತ ಬಿಚ್ಚಪ್ಪನವರು ಹಾಕುವ ಲೆಕ್ಕದಲ್ಲಿ ಈ ಟೀ ಬರುವುದಿಲ್ಲ, ನಿಂತ ಗಾಡಿಯ ಬಾಡಿಗೆ ಬರುವುದಿಲ್ಲ, ಫೈನಾನ್ಸಿನ ಕಂತೂ ಬರುವುದಿಲ್ಲ.

ಆದರೆ ಕೆಲಸಕ್ಕೆ ಕೂತಾಗ ಮನುಷ್ಯ ಬೇರೆ. ವಾಲ್ವ್ ಉಜ್ಜುವುದನ್ನು ನೋಡಿ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟು ಸವರಿ, ತಲೆಗೆ ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಾರೆ. ಮೊದಲು ಗರಗರ, ಆಮೇಲೆ ಸರಸರ. ಸದ್ದು ನಯವಾದ ಮೇಲೆ ಎತ್ತಿ ಒರೆಸಿದರೆ ಸೀಟಿನ ಸುತ್ತ ಒಂದೇ ಅಗಲದ ಬೂದು ಗೆರೆ. ಎಲ್ಲಾದರೂ ಗೆರೆ ಕಡಿದಿದ್ದರೆ ಮತ್ತೆ ಮೊದಲಿಂದ. ಕೊನೆಗೆ ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು ಕೆಳಗೆ ಬಗ್ಗಿ ಕಾಯುತ್ತಾರೆ. ಒಂದು ತೊಟ್ಟೂ ಜಿನುಗಬಾರದು. ಆ ಹೊತ್ತಿನಲ್ಲಿ ಸಮಿತಿಯೂ ಬಾಯಿ ಮುಚ್ಚುತ್ತದೆ. ಹೀಗೆ ಹನ್ನೆರಡು ವಾಲ್ವು. ಇಷ್ಟು ತಾಳ್ಮೆ ಇವರಿಗೆ ರೇಷನ್ ಅಂಗಡಿಯ ಕ್ಯೂನಲ್ಲಿ ಯಾಕಿರುವುದಿಲ್ಲ ಎಂಬುದು ಹೆಂಡತಿಯ ಪ್ರಶ್ನೆ.

ಇಂಥವರೂ ಕೈ ಮುಗಿದು ದೂರ ನಿಲ್ಲುವ ವಸ್ತು ಒಂದಿದೆ: ಡೀಸೆಲ್ ಪಂಪು. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯದು. ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತಾದರೂ ಲಾರಿಯವರ ಬಾಯಲ್ಲಿ ಅದು ಮೈಕೊ ಪಂಪೇ. ಅದರೊಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಬೆರಳಿಗೆ ಅಂಟಿದ ಧೂಳೂ ಅಲ್ಲಿ ಬಂಡೆ. “ಪಂಪಿಗೆ ಕೈ ಹಾಕಿದೋನು ಉದ್ಧಾರ ಆಗಲ್ಲ” ಅಂತ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಟೆಸ್ಟ್ ಬೆಂಚಿನವನ ಹತ್ತಿರ ಒಯ್ಯುತ್ತಾರೆ. ಲೈನರ್ ಬೋರಿಂಗು ಲೇತಿನವನ ಹತ್ತಿರ. ಕ್ರ್ಯಾಂಕು ಗ್ರೈಂಡಿಂಗಿನವನ ಹತ್ತಿರ. ಲೆಕ್ಕ ಹಾಕಿದರೆ ಮನೆಯಲ್ಲಿ ಆಗಿದ್ದು ಬಿಚ್ಚಿದ್ದು, ತೊಳೆದದ್ದು, ಉಜ್ಜಿದ್ದು. “ಎಲ್ಲಾ ನಾನೇ ಮಾಡಿದ್ದು” ಅಂತ ಮೀಸೆ ತಿರುವಲು ಅಷ್ಟು ಸಾಕು.

ಬಿಡಿಭಾಗ ಎಲ್ಲ ಬಂದ ಮೇಲೂ ಜೋಡಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. “ಆಯುಧಪೂಜೆ ಹೊತ್ತಿಗೆ ಸ್ಟಾರ್ಟು” ಅನ್ನುತ್ತಾರೆ, ಯಾವ ವರ್ಷದ್ದು ಅಂತ ಹೇಳುವುದಿಲ್ಲ. ನನ್ನ ಅನುಮಾನ ಇಷ್ಟು: ಎಂಜಿನ್ನು ಬಿಚ್ಚಿರುವ ತನಕ ಅವರು ಬೀದಿಗೇ ಪಂಡಿತರು. ಅದು ಓಡತೊಡಗಿದರೆ ಈರುಳ್ಳಿ ಲೋಡಿಗೆ ಬ್ರೋಕರ್ ಆಫೀಸಿನ ಮುಂದೆ ಕಾಯುವ ಸಾಮಾನ್ಯ ಲಾರಿ ಓನರು. ಯಾವನಿಗೆ ಬೇಕು ಆ ಬಡ್ತಿ?

ಅಂತೂ ಕಂತಿನವರು ಮನೆ ಬಾಗಿಲಿಗೆ ಬಂದ ವಾರ ಜೋಡಣೆಗೆ ಚಾಲನೆ ಸಿಗುತ್ತದೆ. ರಿಂಗುಗಳ ಬಾಯಿ ಒಂದೇ ಸಾಲಿಗೆ ಬಾರದ ಹಾಗೆ ತಿರುಗಿಸಿ ಪಿಸ್ಟನ್ ಇಳಿಸುವುದು, ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಗೆ ಸುತ್ತುತ್ತಾ ಬಿಗಿಯುವುದು, ಟ್ಯಾಪೆಟ್ಟು ಇನ್‌ಲೆಟ್ಟಿಗೆ 0.20, ಎಕ್ಸಾಸ್ಟಿಗೆ 0.30 ಮಿಲಿಮೀಟರ್ ಇಡುವುದು. ನಿದ್ದೆಯಲ್ಲೂ ಫೈರಿಂಗ್ ಆರ್ಡರು: “ಒಂದು, ಐದು, ಮೂರು, ಆರು, ಎರಡು, ನಾಕು.” ಮಗ ಯಾವುದೋ ಓಟಿಪಿ ಅಂದುಕೊಂಡು ಬರೆದಿಟ್ಟುಕೊಂಡಿದ್ದ. ಸ್ಟಾರ್ಟಿನ ದಿನ ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಸೆಲ್ಫ್ ಹೊಡೆದರೆ ಗುರ್... ಏನೂ ಇಲ್ಲ. “ಏರ್ ಹಿಡಿದೈತೆ” ಅಂತ ಏಳೂ ಜನ ಒಂದೇ ಸಲ. ಸಮಿತಿಯಲ್ಲಿ ಒಮ್ಮತ ಕಂಡದ್ದು ಅದೊಂದೇ ಬಾರಿ. ಸ್ಕ್ರೂ ಸಡಿಲಿಸಿ ಪ್ರೈಮಿಂಗ್ ಪಂಪು ಒತ್ತಿ ಒತ್ತಿ ಗುಳ್ಳೆಯೆಲ್ಲ ಹೋಗಿ ಬರೀ ಡೀಸೆಲ್ ಬಂದ ಮೇಲೆ ಮತ್ತೆ ಸೆಲ್ಫ್. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಒಣಹಾಕಿದ್ದ ಬಟ್ಟೆಗಳನ್ನು ಮತ್ತೆ ಒಗೆಯಬೇಕಾಯಿತು.

ಈ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ ಎಂದು ಮೊಮ್ಮಗ ಪುಸ್ತಕ ನೋಡಿ ಓದಿದಾಗ ಅಜ್ಜಿ ತಡಮಾಡಲಿಲ್ಲ: “ಬಿಚ್ಚಿದ್ದನ್ನ ಜೋಡಿಸೋಕಾಗದೆ ಓಡಿಹೋಗಿರಬೇಕು, ಪಾಪ.”

ಈಗ ಮಗನೂ ಲಾರಿ ತಂದಿದ್ದಾನೆ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಬಿಎಸ್-6. ಡೀಸೆಲ್ ಎಷ್ಟು, ಯಾವಾಗ ಚಿಮ್ಮಬೇಕು ಅನ್ನುವುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ಹೊಗೆ ತೊಳೆಯಲು ಯೂರಿಯಾ ಟ್ಯಾಂಕು ಬೇರೆ. ಹೊಲಕ್ಕೇ ಸಿಗದ ಯೂರಿಯಾ ಲಾರಿಗೆ ಹಾಕುವುದೇ ಅಂತ ಬಿಚ್ಚಪ್ಪನವರು ಒಂದು ದಿನ ಊಟ ಬಿಟ್ಟಿದ್ದರು. ಮೊನ್ನೆ ಅದರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ಪಿಕಪ್ ಸತ್ತುಹೋಯಿತು. ಕಂಪನಿಯ ಹುಡುಗ ಬೈಕಿನಲ್ಲಿ ಬಂದು, ಕ್ಯಾಬಿನ್ನಿನಲ್ಲಿ ಕೂತು ಲ್ಯಾಪ್‌ಟಾಪಿಗೆ ವೈರು ಚುಚ್ಚಿದ. ಬಿಚ್ಚಪ್ಪನವರು ಗಾಡಿ ನೋಡಲಿಲ್ಲ, ಹುಡುಗನ ಉಗುರು ನೋಡಿದರು. ಬೆಳ್ಳಗಿತ್ತು. “ಉಗುರು ಕಪ್ಪಾಗದೋನು ಯಾವ ಸೀಮೆ ಮೆಕ್ಯಾನಿಕ್ಕು?” ಅಂತ ಮಗನ ಕಿವಿಯಲ್ಲಿ ಗೊಣಗಿದರು. ಹುಡುಗ ಹೆಬ್ಬೆರಳಿನಷ್ಟು ದೊಡ್ಡ ಒಂದು ಸೆನ್ಸರ್ ತೆಗೆದು ಹೊಸದು ಹಾಕಿದ. ದೀಪ ಆರಿತು. ಬಿಲ್ಲು ನೋಡಿ ಮಗ ಕೂತುಬಿಟ್ಟ.

ಬಿಚ್ಚಪ್ಪನವರು ಹಳೇ ಸೆನ್ಸರನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು.

“ಅದನ್ನ ಬಿಚ್ಚೋಕಾಗಲ್ಲ ಅಂಕಲ್, ಸೀಲ್ ಮಾಡಿರ್ತಾರೆ” ಅಂದ ಹುಡುಗ.

“ಜೋಡಿಸಿದೋನು ಒಬ್ಬ ಮನುಷ್ಯನೇ ತಾನೇ?” ಅಂದವರೇ ಕ್ಲೀನರ್ ಹುಡುಗನ ಕಡೆ ತಿರುಗಿದರು. “ಲೋ, ಆ ಹ್ಯಾಕ್ಸಾ ಬ್ಲೇಡ್ ತಗಂಬಾರೋ.”