ಮೇಳಿ-ಬಾರಕೋಲು ಸಿದ್ಧಾಂತ: ರೋಬೋಟ್ರಾನ್ ಮೂಲದ ಮರುಪರಿಶೀಲನೆ

1982ರಲ್ಲಿ ಅಮೆರಿಕದ ವಿಲಿಯಮ್ಸ್ ಕಂಪನಿ ಹೊರತಂದ ‘ರೋಬೋಟ್ರಾನ್: 2084’ ಎಂಬ ವಿಡಿಯೋ ಆಟದ ಜನ್ಮಸ್ಥಳ ಗಂಗಾವತಿ ತಾಲ್ಲೂಕಿನ ಮರಳಿ ಎಂಬುದನ್ನು ವಿದ್ವಲ್ಲೋಕ ಇದುವರೆಗೆ ಗಮನಿಸದಿರುವುದು ಶೋಚನೀಯ. ಆ ಆಟದ ಪೆಟ್ಟಿಗೆಯಲ್ಲಿ ಗುಂಡು ಹಾರಿಸಲು ಗುಂಡಿಯೇ ಇಲ್ಲ. ಇರುವುದು ಎರಡು ಕೋಲು. ಎಡಗೋಲು ನಡೆಸುತ್ತದೆ, ಬಲಗೋಲು ಎಂಟು ದಿಕ್ಕಿಗೂ ಹೊಡೆಯುತ್ತದೆ. ನಡೆಗೂ ಹೊಡೆತಕ್ಕೂ ಸಂಬಂಧವಿರಬೇಕೆಂದೇನಿಲ್ಲ. ಇದು ಮರಳಿಯಲ್ಲಿ ನೇಗಿಲು ಹೊಡೆಯುವ ನಮ್ಮ ಕಾಕಾ ಅಲ್ಲದೆ ಮತ್ತೇನು?

ಕ್ಷೇತ್ರಕಾರ್ಯದಲ್ಲಿ ಕಂಡದ್ದು: ಕಾಕಾನ ಎಡಗೈಯಲ್ಲಿ ಮೇಳಿ, ಬಲಗೈಯಲ್ಲಿ ಬಾರಕೋಲು. ಎತ್ತು ಪಡುವಣಕ್ಕೆ, ಬಾರಕೋಲು ಮೂಡಣ ಬದುವಿನಲ್ಲಿ ಸಸಿಮಡಿಗೆ ಬಾಯಿ ಹಾಕಿದ ಎಮ್ಮೆಗೆ, ಬೈಗುಳ ಎಮ್ಮೆಯ ಒಡೆಯನಿಗೆ. ಮೂರೂ ಒಂದೇ ಉಸಿರಿಗೆ. (ಮೂರನೆಯದಕ್ಕೆ ಕೋಲು ಕೊಡಲು ಅಮೆರಿಕದವರಿಗೆ ಆಗಲಿಲ್ಲ.) ಎಮ್ಮೆ ಕಚ್ಚಿದ ಸಸಿ ಬಿಡದೆ ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂತು. ಆಟದಲ್ಲಿ ಇದಕ್ಕೆ ಹಲ್ಕ್ ಎಂದು ಹೆಸರು. ಎಷ್ಟು ಗುಂಡು ತಿಂದರೂ ಸಾಯದು, ಒಂದಿಷ್ಟು ಹಿಂದೆ ಸರಿಯುತ್ತದೆ.

ಪೂರ್ವಪಕ್ಷದವರು ಬೇರೆ ಕಥೆ ಹೇಳುತ್ತಾರೆ. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಯುಜೀನ್ ಜಾರ್ವಿಸ್‌ಗೆ ಕಾರು ಅಪಘಾತದಲ್ಲಿ ಬಲಗೈಗೆ ಪೆಟ್ಟಾಗಿತ್ತಂತೆ. ಪ್ಲಾಸ್ಟರಿನ ಕೈಯಲ್ಲಿ ಗುಂಡಿ ಒತ್ತಲಾಗದೆ ಎರಡು ಕೋಲಿನ ಉಪಾಯ ಹೊಳೆಯಿತಂತೆ. ಇರಬಹುದು. ನಮ್ಮವರಿಗೆ ಇಷ್ಟು ಹೊಳೆಯಲು ಕೈ ಮುರಿಯಬೇಕಾಗಿರಲಿಲ್ಲ.

ಪುರಾತತ್ವವೂ ನಮ್ಮ ಪರವೇ. ಇದೇ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ, ಬೃಹತ್ ಶಿಲಾಸಮಾಧಿಗಳ ನೆರೆಯಲ್ಲಿ, ಬಡಿದರೆ ದನಿಗೊಡುವ ಕಲ್ಲಿನ ನಗಾರಿಯಿದೆ. ನಗಾರಿ ಎಂದ ಮೇಲೆ ಕೋಲು ಎರಡು. ಕೊಪ್ಪಳ ಗವಿಮಠದ ಅಶೋಕನ ಶಾಸನ ಈ ಬಗ್ಗೆ ಚಕಾರವೆತ್ತುವುದಿಲ್ಲ. ವಿದ್ಯೆಯನ್ನು ಎಷ್ಟು ಗುಟ್ಟಾಗಿ ಇಟ್ಟಿದ್ದರೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಆಟದ ಅಂಕಪದ್ಧತಿಯೂ ಪರಿಚಿತವೇ. ಮನುಷ್ಯಕುಲದ ಕೊನೆಯ ಕುಟುಂಬವನ್ನು ರೋಬೋಟುಗಳಿಂದ ಕಾಪಾಡಬೇಕು; ಮೊದಲನೆಯವರನ್ನು ಉಳಿಸಿದರೆ 1,000 ಅಂಕ, ಮುಂದೆ 2,000, 3,000, ಹೀಗೆ. ಐದನೆಯವರಿಂದಾಚೆ ಎಷ್ಟು ಜೀವ ಉಳಿಸಿದರೂ ತಲೆಗೆ 5,000ವೇ. ಬೆಳೆ ಪರಿಹಾರ ಪಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಪ್ರಯೋಗ. ಕಂಪ್ಯೂಟರಿನಲ್ಲಿ ಆಟ ಹಾಕಿ, ಎರಡು ಕೋಲನ್ನೂ ಕಾಕಾನ ಕೈಗಿತ್ತೆ. ಬಲಗೈ ಎಂಟೂ ದಿಕ್ಕಿಗೆ ಬೀಸಿತು. ಎಡಗೈ ಮಾತ್ರ ಅಲುಗಲಿಲ್ಲ. ನಿಂತಲ್ಲೇ ನಿಂತಿದ್ದ ನಾಯಕ ರೋಬೋಟುಗಳ ನಡುವೆ ಕ್ಷಣದಲ್ಲಿ ಮಡಿದ. “ನಡಸಬೇಕ್ರೀ ಕಾಕಾ!” ಎಂದೆ.

“ಎತ್ತು ತಾವ ಹೊಕ್ಕಾವಲ್ಲೋ ತಮ್ಮಾ, ಅವನ್ನೇನು ನಡಸೂದು?”

ಈ ಫಲಿತಾಂಶವನ್ನು ಅನುಬಂಧಕ್ಕೆ ಸೇರಿಸಲಾಗಿದೆ. ಅನುಬಂಧವನ್ನು ಅಚ್ಚು ಹಾಕಿಸಿಲ್ಲ.